ಬಸುರಿಗೆ ಫ್ಲೂ ಇಂಜೆಕ್ಷನ್: ನೂರು ವರ್ಷ ಹಿಂದಿನ ಲೆಕ್ಕ

ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೊಂಬಾಯಿ ಎಂದರೆ ದುಡಿಮೆಯ ಊರು. 1918ರ ಜೂನ್‌ನಲ್ಲಿ ಫ್ಲೂ ಭಾರತದೊಳಗೆ ಬಂದದ್ದೂ ಆ ಬಂದರಿನಿಂದಲೇ. ಅಲ್ಲಿಂದ ರೈಲು ಹತ್ತಿ ಊರೂರಿಗೆ ಹೋಯಿತು. ಸತ್ತವರು ಒಂದು ಕೋಟಿಗೂ ಮೀರಿ ಎಂಬುದು ಅಂದಾಜು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆಯೇ ಇಳಿಯಿತು.

ಆ ಜ್ವರ ಬಸುರಿಯರನ್ನು ಹೆಚ್ಚು ಕೊಂದಿತು. ಅಮೆರಿಕದ ಹ್ಯಾರಿಸ್ ಎಂಬ ವೈದ್ಯರು ಫ್ಲೂ ಬಂದ 1,350 ಗರ್ಭಿಣಿಯರ ಲೆಕ್ಕವನ್ನು 1919ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ ನ್ಯುಮೋನಿಯಾ ಆಗಿತ್ತು, ಒಟ್ಟು ಶೇ. 27 ಮಂದಿ ತೀರಿಹೋಗಿದ್ದರು. 1957ರ ಏಶಿಯನ್ ಫ್ಲೂವಿನಲ್ಲಿ ಮಿನ್ನೆಸೋಟಾದಲ್ಲಿ ಸತ್ತ ಹೆರುವ ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಬಸುರಿಯರು. ಇದನ್ನೆಲ್ಲ ನೋಡಿ 1960ರಲ್ಲೇ ಅಮೆರಿಕ ಗರ್ಭಿಣಿಯರಿಗೆ ಈ ಲಸಿಕೆ ಕೊಡಿ ಎಂದಿತು.

ಕಾರಣ ನನ್ನ ಡಿಪ್ಲೊಮಾ ತಲೆಗೆ ಸುಲಭವಾಗಿ ಹೊಕ್ಕಿತು. ಹೊಟ್ಟೆ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆ, ಆದರೆ ಆಕ್ಸಿಜನ್ ಬೇಕಾದದ್ದು ಇಬ್ಬರಿಗೆ. ರಿಸರ್ವ್ ಕಡಿಮೆ, ಲೋಡ್ ಜಾಸ್ತಿ. ಅಂಥ ಇಂಜಿನ್ ಚಡಾವಿನಲ್ಲಿ ಮೊದಲು ನಿಲ್ಲುತ್ತದೆ.

ಈ ಹಳೇ ಲೆಕ್ಕ ಹುಡುಕಿದ್ದು ಹೆಂಡತಿಗೆ ಏಳು ತಿಂಗಳಾದಾಗ. ಮಳೆಗಾಲಕ್ಕೆ ಮೊದಲು ಇಂಜೆಕ್ಷನ್ ಮಾಡಿಸಿ ಎಂದು ಡಾಕ್ಟರ್ ಹೇಳಿದ್ದರು. ಉಮ್ಮನಿಗೆ ಸಮಾಧಾನವಿಲ್ಲ. “ನಾವು ಐದು ಹೆತ್ತೆವು ಮೋನೇ, ಶೀತಕ್ಕೆ ಯಾರು ಸೂಜಿ ಚುಚ್ಚಿದರು? ಮಗುವಿಗೆ ಏನಾದರೂ ಆದರೆ?”

ಉಮ್ಮನ ಹೆದರಿಕೆ ತಳ್ಳಿಹಾಕುವಂಥದ್ದಲ್ಲ. ಆದರೆ ಧನುರ್ವಾಯುವಿನ ಟಿ.ಟಿ. ಸೂಜಿಯನ್ನು ನಮ್ಮ ಹೆಂಗಸರು ಎಷ್ಟೋ ವರ್ಷದಿಂದ ಬಸಿರಿನಲ್ಲೇ ತೆಗೆದುಕೊಳ್ಳುತ್ತಿದ್ದಾರೆ. ತಾಯಿಗೆ ಕೊಟ್ಟದ್ದು ಕೂಸನ್ನೂ ಕಾಯುತ್ತದೆ. 2015ರಲ್ಲಿ ಭಾರತ ತಾಯಿ–ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನ ಮಟ್ಟಕ್ಕೆ ಇಳಿಸಿದ್ದರಲ್ಲಿ ಆ ಸೂಜಿಯ ಪಾಲು ದೊಡ್ಡದು.

ಫ್ಲೂ ಲಸಿಕೆಯದ್ದೂ ಅದೇ ದಾರಿ. ಆರು ತಿಂಗಳು ತುಂಬದ ಮಗುವಿಗೆ ಅದನ್ನು ಕೊಡುವ ಹಾಗಿಲ್ಲ, ಸಿಗುವುದೇನಿದ್ದರೂ ತಾಯಿಯಿಂದ. ಬಾಂಗ್ಲಾದೇಶದಲ್ಲಿ 340 ತಾಯಂದಿರ ಮೇಲೆ ನಡೆದ ಪರೀಕ್ಷೆಯ ಫಲ 2008ರಲ್ಲಿ ಬಂತು: ಲಸಿಕೆ ಪಡೆದವರ ಕೂಸುಗಳಲ್ಲಿ ಲ್ಯಾಬಿನಲ್ಲಿ ಖಚಿತವಾದ ಫ್ಲೂ ಶೇ. 63ರಷ್ಟು ಕಡಿಮೆ. ಮರುವರ್ಷವೇ ಎಚ್1ಎನ್1 ಬಂತು. ಅಮೆರಿಕದಲ್ಲಿ ಗರ್ಭಿಣಿಯರು ಜನಸಂಖ್ಯೆಯ ಶೇ. 1, ಸಾವಿನಲ್ಲಿ ಶೇ. 5. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಲಸಿಕೆಗೆ ಗರ್ಭಿಣಿಯರನ್ನೇ ಮೊದಲ ಸಾಲಿನಲ್ಲಿ ನಿಲ್ಲಿಸಿತು.

ಸೂಜಿಯಲ್ಲಿ ಕೊಡುವುದು ಸತ್ತ ವೈರಸ್. ಅದರಿಂದ ಫ್ಲೂ ಬರುವುದಿಲ್ಲ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಮೂಗಿಗೆ ಹೊಡೆಯುವ ಸ್ಪ್ರೇ ಬೇರೆ. ಅದರಲ್ಲಿ ಜೀವಂತ ವೈರಸ್ ಇದೆ, ಬಸುರಿಯರಿಗೆ ಕೊಡುವುದಿಲ್ಲ. ನಮ್ಮವರು ಕೇಳುವ ಹಂದಿ ಜೆಲಟಿನ್ ಮಾತು ಹೆಚ್ಚಾಗಿ ಹುಟ್ಟಿದ್ದೂ ಆ ಸ್ಪ್ರೇಯಿಂದಲೇ. ಸಂಶಯವಿದ್ದರೆ ಪೆಟ್ಟಿಗೆಯೊಳಗಿನ ಚೀಟಿ ಓದಿ. ಹಿಂದೆ ಯಾವುದಾದರೂ ಲಸಿಕೆಗೆ ಜೋರು ಅಲರ್ಜಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಹೆಂಡತಿ ಎಲ್ಲ ಕೇಳಿ, ತಾನೇ ತೀರ್ಮಾನಿಸಿ ತೆಗೆದುಕೊಂಡಳು. ಟಿ.ಡಿ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಇದಕ್ಕೆ ಕೈಯಿಂದ ದುಡ್ಡು ಹಾಕಬೇಕು. ಅದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು, ವೈರಸ್ ಬದಲಾಗುವುದರಿಂದ ಈ ಲಸಿಕೆಯನ್ನೂ ಆಗಾಗ ಬದಲಿಸುತ್ತಾರೆ. ಅಂಗಡಿಯವನ ಮಗ, ಡೇಟ್ ನೋಡದೆ ಏನನ್ನೂ ಕೊಳ್ಳುವವನಲ್ಲ. ನೀವೂ ಪೆಟ್ಟಿಗೆಯ ಮೇಲೆ ಯಾವ ವರ್ಷದ್ದೆಂದು ನೋಡಿ, ಹಳತಾದರೆ ಹೊಸದು ಕೇಳಿ.