ಸೆರಗು, ಹಿಜಾಬ್ ಮತ್ತು ನ್ಯಾಯಾಲಯ ಎಳೆದ ಗೆರೆ

ಆನವಟ್ಟಿ–ಹಾನಗಲ್ ಸೀಮೆಯಲ್ಲಿ ತಲೆ ಮೇಲೆ ಸೆರಗು ಹೊದ್ದ ಹಿರಿಯ ಹೆಂಗಸನ್ನು ಕಂಡು ಅವರ ಮತ ಯಾವುದೆಂದು ಹೇಳುವುದು ಕಷ್ಟ. ಹಿರಿಯರೆದುರು ಸೆರಗು ತಲೆಗೇರುವುದು ಲಿಂಗಾಯತರ ಮನೆಯಲ್ಲೂ ಉಂಟು, ದಖನಿ ಆಡುವ ಮುಸಲ್ಮಾನರ ಮನೆಯಲ್ಲೂ ಉಂಟು. ಮೊಮ್ಮಕ್ಕಳ ಕಾಲಕ್ಕೆ ಹಿಜಾಬು ಬಂದು ಗುರುತು ಬೇರೆಯಾಯಿತು. ಉಡುಪಿಯ ಕಾಲೇಜಿನಲ್ಲಿ ಹಿಜಾಬ್ ತಡೆದದ್ದರಿಂದ ಎದ್ದ ವಿವಾದ ಹಬ್ಬಿ, 2022ರ ಫೆಬ್ರುವರಿಯಲ್ಲಿ ನೆರೆಯ ಶಿರಾಳಕೊಪ್ಪದ ವಿದ್ಯಾರ್ಥಿನಿಯರೂ ಪ್ರತಿಭಟನೆಗಿಳಿದರು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಹೆಚ್ಚೆಂದರೆ ಸಂಸ್ಕೃತಿಗೆ ಸೇರಿದ್ದು ಎಂದಿತು. ಧರ್ಮ, ಸಂಸ್ಕೃತಿಗಳ ನಡುವೆ ಹೀಗೆ ಗೆರೆ ಎಳೆಯಲು ಚರಿತ್ರೆ ಒಪ್ಪುವುದಿಲ್ಲ.

ಮುಸುಕು ಇಸ್ಲಾಮಿಗಿಂತ ಬಹಳ ಹಳೆಯದು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಅಸ್ಸೀರಿಯಾದ ಕಾನೂನಿನ 40ನೇ ವಿಧಿ ಗರತಿಗೆ ಮುಸುಕು ಕಡ್ಡಾಯ ಮಾಡಿ, ವೇಶ್ಯೆಗೂ ದಾಸಿಗೂ ಅದನ್ನು ನಿಷೇಧಿಸಿತ್ತು. ಮುಸುಕು ಹಾಕಿ ಸಿಕ್ಕಿಬಿದ್ದ ವೇಶ್ಯೆಗೆ 50 ಏಟು. ಮೇಲೆ ತಲೆಗೆ ಡಾಂಬರು. ಬಟ್ಟೆಯ ತುಂಡೊಂದು ಯಜಮಾನಿಕೆಯ ಮುದ್ರೆಯಾಗಿತ್ತು.

ಕುರ್‌ಆನ್ ಈ ಲೋಕದೊಳಗೇ ಮಾತಾಡಿತು. 24ನೇ ಅಧ್ಯಾಯದ 31ನೇ ವಚನ ಹೊಸ ಉಡುಪನ್ನು ತರಲಿಲ್ಲ. ಹೆಂಗಸರು ಆಗಲೇ ಹೊದೆಯುತ್ತಿದ್ದ ತಲೆವಸ್ತ್ರವನ್ನು ಎದೆಯ ಮೇಲೆ ಎಳೆದುಕೊಳ್ಳಿ ಎಂದಿತು. 33ನೇ ಅಧ್ಯಾಯದ 59ನೇ ವಚನ, ಗುರುತು ಸಿಕ್ಕಿ ಕಿರುಕುಳ ತಪ್ಪಲೆಂದು ಮೇಲುಹೊದಿಕೆ ಹೇಳುತ್ತದೆ. ಯಾವ ಗುರುತು? ಸ್ವತಂತ್ರ ಸ್ತ್ರೀ ಎಂಬ ಗುರುತು ಎಂದೇ ಹಳೆಯ ವ್ಯಾಖ್ಯಾನಕಾರರಲ್ಲಿ ಅನೇಕರು ಬರೆದರು. ಶಾಸ್ತ್ರಜ್ಞರಲ್ಲಿ ಬಹುಪಾಲು ಜನ ದಾಸಿಯ ಕೂದಲನ್ನು ಮುಚ್ಚಲೇಬೇಕಾದದ್ದೆಂದು ಎಣಿಸಲಿಲ್ಲ. ನಾಚಿಕೆಯಷ್ಟೇ ಕಾರಣವಾಗಿದ್ದರೆ ಈ ಭೇದ ಏಕೆ ಬೇಕಿತ್ತು? ಹಾಗೆಂದು ತಲೆ ಮುಚ್ಚುವುದು ಬರೀ ರೂಢಿಯೂ ಅಲ್ಲ. ಮಲೆನಾಡಿನ ಹನಫಿ ಪಂಥದ ಮುಸಲ್ಮಾನರೂ ಕರಾವಳಿಯ ಶಾಫಿ ಪಂಥದವರೂ ಶತಮಾನಗಳಿಂದ ಅದನ್ನು ಧರ್ಮದ ಕಟ್ಟಳೆಯೆಂದೇ ಪಾಲಿಸಿದ್ದಾರೆ. ರೂಢಿ ಧರ್ಮವಾಗುವ ಬಗೆಯೇ ಹೀಗೆ.

ಹೈಕೋರ್ಟು ಹಿಡಿದ ‘ಅತ್ಯಗತ್ಯ ಆಚರಣೆ’ಯ ಅಳತೆಗೋಲೂ ಉಡುಪಿಯ ನಂಟಿನದೇ ಎಂಬುದು ಕುತೂಹಲದ ಸಂಗತಿ. ಅಲ್ಲಿನ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ, ಧರ್ಮಕ್ಕೆ ಅಗತ್ಯವಾದುದನ್ನು ಆ ಧರ್ಮದ ಸಿದ್ಧಾಂತದಿಂದಲೇ ಅರಿಯಬೇಕೆಂದಿತ್ತು. ಮಠದ ಸ್ವಾಯತ್ತತೆಯನ್ನು ಕಾಯಲು ನೆರವಾದ ಮಾತು ಮುಂದೆ ಭಕ್ತರ ಆಚರಣೆಯನ್ನು ಪರೀಕ್ಷಿಸುವ ಒರೆಗಲ್ಲಾಯಿತು. ಹಿಜಾಬ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2022ರ ಅಕ್ಟೋಬರ್ 13ರಂದು ಕೊಟ್ಟ ಭಿನ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದರೆ, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಆ ಒರೆಗಲ್ಲನ್ನೇ ಬದಿಗಿಟ್ಟು, ಇದು ಹುಡುಗಿಯ ಆಯ್ಕೆಯ ಮಾತು, ಅವಳ ಓದು ನಿಲ್ಲಬಾರದು ಎಂದರು.