ಜಪಾನೀಯರ ಬಾಳಿನಲ್ಲಿ ಮತ: ಒಂದು ಪದದ ಚರಿತ್ರೆ

ಆಧುನಿಕ ಜಪಾನಿನ ಮತಜೀವನವನ್ನು ಅಭ್ಯಸಿಸಹೊರಟವರಿಗೆ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಮತಸಂಸ್ಥೆಗಳು ಸರಕಾರಕ್ಕೆ ಒಪ್ಪಿಸುವ ಲೆಕ್ಕಗಳನ್ನು ಕೂಡಿದರೆ ಅನುಯಾಯಿಗಳ ಸಂಖ್ಯೆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ. ಜನರನ್ನೇ ಕೇಳಿದರೆ ಬಹುಪಾಲು ಮಂದಿ ತಮಗೆ ಯಾವ ಮತವೂ ಇಲ್ಲವೆನ್ನುತ್ತಾರೆ. ಹಾಗೆಂದವರೇ ಹೊಸವರ್ಷದಲ್ಲಿ ಷಿಂಟೋ ದೇಗುಲಕ್ಕೆ ಹೋಗಿ ಕೈಮುಗಿಯುತ್ತಾರೆ, ಉತ್ತರಕ್ರಿಯೆಗೆ ಬೌದ್ಧ ಪುರೋಹಿತನನ್ನು ಕರೆಸುತ್ತಾರೆ, ಬೇಸಗೆಯ ಓಬೋನ್ ಹಬ್ಬದಲ್ಲಿ ಪಿತೃಗಳನ್ನು ಮನೆಗೆ ಬರಮಾಡಿಕೊಳ್ಳುತ್ತಾರೆ. ಇದನ್ನು ಬರಿಯ ಉದಾಸೀನವೆಂದು ತಳ್ಳಿಹಾಕುವವರುಂಟು. ನನಗೆ ತೋರುವಂತೆ ತೊಡಕಿನ ಮೂಲವಿರುವುದು ‘ಮತ’ವೆಂಬ ಪದದಲ್ಲಿಯೇ.

ಮತಕ್ಕೆ ಜಪಾನೀಯರು ಬಳಸುವ ‘ಷೂಕ್ಯೋ’ ಎಂಬ ಪದ ಇಂದಿನ ಅರ್ಥವನ್ನು ಪಡೆದುದು 19ನೆಯ ಶತಮಾನದ ಉತ್ತರಾರ್ಧದಲ್ಲಿ, ಪಾಶ್ಚಾತ್ಯರ ಪರಿಭಾಷೆಯನ್ನು ಭಾಷಾಂತರಿಸುವ ಅಗತ್ಯ ಬಿದ್ದಾಗ. ಅದಕ್ಕೆ ಹಿಂದೆ, ಕ್ರೈಸ್ತಮತವನ್ನು ನಿಷೇಧಿಸಿದ್ದ ತೊಕುಗಾವ ಪ್ರಭುತ್ವವು ಪ್ರತಿಯೊಂದು ಮನೆತನವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ದಾಖಲಿಸಬೇಕೆಂದು ವಿಧಿಸಿತ್ತು. ಸಂಬಂಧ ಮನೆತನದ್ದು, ವ್ಯಕ್ತಿಯ ನಂಬಿಕೆಯನ್ನು ಕೇಳುವವರಿರಲಿಲ್ಲ. ಆ ಕಟ್ಟಳೆ ಅಳಿದ ಮೇಲೂ ಹಿರಿಯರ ಸಮಾಧಿಗಳು ಆ ದೇವಾಲಯಗಳಲ್ಲಿಯೇ ಉಳಿದವು. ಸಮಾಧಿಗಳಿದ್ದಲ್ಲಿ ವಂಶಸ್ಥರ ನಡೆಯೂ ಉಳಿಯಿತು.

ಮೇಜಿ ಸರಕಾರ 1868ರಲ್ಲಿ ಷಿಂಟೋವನ್ನು ಬೌದ್ಧಧರ್ಮದಿಂದ ಬೇರ್ಪಡಿಸಿತು. 1889ರ ಸಂವಿಧಾನವು ಶಾಂತಿಗೂ ಪ್ರಜಾಕರ್ತವ್ಯಕ್ಕೂ ಬಾಧಕವಾಗದಷ್ಟರ ಮಟ್ಟಿಗೆ ಮತಸ್ವಾತಂತ್ರ್ಯವನ್ನು ನೀಡಿತು. ಹೀಗಿರುವಾಗ ಷಿಂಟೋ ದೇಗುಲದಲ್ಲಿ ತಲೆಬಾಗಬೇಕೆಂದು ಎಲ್ಲರನ್ನೂ ಕಟ್ಟುಪಡಿಸುವುದು ಹೇಗೆ? ಉಪಾಯ ಸರಳವಾಗಿತ್ತು: ದೇಗುಲದ ವಿಧಿ ಮತವೇ ಅಲ್ಲ, ರಾಷ್ಟ್ರದ ಆಚಾರ. 1900ರಲ್ಲಿ ಗೃಹಖಾತೆಯೊಳಗೆ ದೇಗುಲಗಳಿಗೊಂದು, ಮತಗಳಿಗೊಂದು ಎಂದು ಎರಡು ಪ್ರತ್ಯೇಕ ಕಚೇರಿಗಳೇ ಏರ್ಪಟ್ಟವು. ಮತವಲ್ಲದುದನ್ನು ಮತದ ಹೆಸರಿನಲ್ಲಿ ನಿರಾಕರಿಸುವುದೆಂತು!

1945ರ ಡಿಸೆಂಬರಿನಲ್ಲಿ ಆಕ್ರಮಿತ ಸೇನಾಡಳಿತದ ಆಜ್ಞೆ ಈ ವ್ಯವಸ್ಥೆಯನ್ನು ಮುರಿಯಿತು. 1947ರಲ್ಲಿ ಜಾರಿಗೆ ಬಂದ ಸಂವಿಧಾನ ಮತವನ್ನೂ ರಾಜ್ಯವನ್ನೂ ಬೇರ್ಪಡಿಸಿತು. ಹಳೆಯ ತರ್ಕ ಮಾತ್ರ ಅಷ್ಟು ಬೇಗ ಅಳಿಯಲಿಲ್ಲ. ತ್ಸು ನಗರಸಭೆ 1965ರಲ್ಲಿ ಕಟ್ಟಡವೊಂದಕ್ಕೆ ಸಾರ್ವಜನಿಕ ಹಣದಿಂದ ಷಿಂಟೋ ಭೂಮಿಪೂಜೆ ನಡೆಸಿದುದನ್ನು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಲೌಕಿಕ ವಾಡಿಕೆಯೆಂದು ಎಣಿಸಿ ಎತ್ತಿಹಿಡಿಯಿತು.

ಇನ್ನೊಂದು ಮೊಕದ್ದಮೆ ಇದಕ್ಕಿಂತ ಕಠಿನವಾದುದು. ಕರ್ತವ್ಯದಲ್ಲಿದ್ದಾಗ ಮಡಿದ ಆತ್ಮರಕ್ಷಣಾ ಪಡೆಯ ಅಧಿಕಾರಿಯೊಬ್ಬನನ್ನು, ಕ್ರೈಸ್ತಳಾದ ಅವನ ಪತ್ನಿ ಬೇಡವೆಂದರೂ, ಯಾಮಾಗುಚಿಯ ಗೋಕೋಕು ದೇಗುಲದಲ್ಲಿ ದೈವವಾಗಿ ಪ್ರತಿಷ್ಠಿಸಲಾಯಿತು. ಆಕೆ ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದಳು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಳು. ದೇಗುಲಕ್ಕೂ ಮತಸ್ವಾತಂತ್ರ್ಯವುಂಟು, ಪರರ ಆಚರಣೆಯನ್ನು ಆಕೆ ಸಹಿಸಬೇಕು ಎಂಬುದು ತೀರ್ಪಿನ ತಾತ್ಪರ್ಯ. ಹಿಂದೆ ದೇಗುಲದ ವಿಧಿ ಮತವಲ್ಲವಾದ್ದರಿಂದ ಯಾರೂ ಒಲ್ಲೆನೆನ್ನುವಂತಿರಲಿಲ್ಲ. ಈಗ ಅದು ಮತವಾದುದರಿಂದಲೇ ಈ ವಿಧವೆಯ ಮಾತು ನಡೆಯಲಿಲ್ಲ. ಪೀಠದಲ್ಲಿ ಭಿನ್ನಮತ ಬರೆದವರು ಇಟೋ ಮಸಾಮಿ ಒಬ್ಬರೇ.