ಕೆಲಸಿಯ ಕತ್ತಿ ಮತ್ತು ನಮ್ಮ ಗಡ್ಡ

ಮೀಸೆ ಚಿಗುರಿದ ಹುಡುಗ ಮೊದಲ ಕ್ಷೌರದ ಕತ್ತಿಯನ್ನು ಹೇಗೆ ಆರಿಸಿಕೊಳ್ಳಬೇಕು? ಕೇಳೋದಕ್ಕೆ ಸಣ್ಣ ಪ್ರಶ್ನೆ. ಆದರೆ ಆರಿಸಿಕೊಳ್ಳುವುದು ಅನ್ನುವ ಮಾತೇ ನಮ್ಮ ಹಳ್ಳಿಗಳಿಗೆ ತಡವಾಗಿ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲೆ, ಇಸಳೂರಿನಂಥ ಊರುಗಳ ಸೀಮೆಯಲ್ಲಿ, ಕತ್ತಿ ಅಂದರೆ ಕೆಲಸಿಯ ಕತ್ತಿ. ಅದು ಅವನ ಹಡಪದಲ್ಲಿ ಇರ್ತಿತ್ತು, ಹಡಪ ಹೊತ್ತು ಅವನೇ ಮನೆ ಬಾಗಿಲಿಗೆ ಬರ್ತಿದ್ದ. ಮೇಲ್ಜಾತಿಯ ಯಜಮಾನ ಕತ್ತಿ ಕೊಳ್ಳುವ ಪ್ರಮೇಯವೇ ಇರಲಿಲ್ಲ. ಜಗಲಿಯ ಕೆಳಗೆ ಕೂತು ಮುಖ ಕೊಟ್ಟರೆ ಸಾಕು. ಕೂಲಿ ದುಡ್ಡಲ್ಲ, ಸುಗ್ಗಿಯಲ್ಲಿ ಅಳೆದುಕೊಡುವ ಭತ್ತ.

ಕತ್ತಿ ಹುಡುಕಬೇಕಾಗಿದ್ದವರು ಕೇರಿಯವರು. ಯಾಕಂದರೆ ಆ ಹಡಪ ಕೇರಿಯ ಕಡೆ ತಿರುಗುತ್ತಿರಲಿಲ್ಲ.

ಈ ಕತೆಯಲ್ಲಿ ಕೆಲಸಿಯನ್ನು ಖಳನಾಯಕ ಮಾಡಿಬಿಡುವುದು ಸುಲಭ, ನಾವು ಹಾಗೆ ಮಾಡುವುದಿಲ್ಲ. ಹುಟ್ಟಿಗೂ ಬೇಕು, ಮದುವೆಗೂ ಬೇಕು, ಸಾವಿನ ಸೂತಕ ಕಳೆಯಲೂ ಅವನೇ ಬೇಕು. ಆದರೆ ಬೆಳಗ್ಗೆ ಎದ್ದು ಅವನ ಮುಖ ಕಂಡರೆ ಅಪಶಕುನ. ಅವನ ಕಸುಬಿನ ಹೆಸರಾದ 'ಹಜಾಮ' ಅನ್ನೋದನ್ನೇ ಬೈಗುಳ ಮಾಡಿಟ್ಟ ಸಮಾಜ ಇದು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನ ಜೊತೆಗಿದ್ದ ಹಡಪದ ಅಪ್ಪಣ್ಣನೂ ಅವನ ಹೆಂಡತಿ ಲಿಂಗಮ್ಮನೂ ವಚನ ಬರೆದರು. ಎಂಟುನೂರು ವರ್ಷ ಕಳೆದರೂ ಬೈಗುಳ ಮಾತ್ರ ಉಳೀತು. ಯಾರ ಗಡ್ಡ ಮುಟ್ಟಬೇಕು, ಯಾರದನ್ನು ಮುಟ್ಟಬಾರದು ಅನ್ನುವ ತೀರ್ಮಾನ ಕತ್ತಿ ಹಿಡಿದ ಕೈಯದಾಗಿರಲಿಲ್ಲ, ಭತ್ತ ಅಳೆಯುವ ಕೈಯದಾಗಿತ್ತು.

ಅದೇ ಕೈ ಆ ಕತ್ತಿಯನ್ನು ಇನ್ನೊಂದು ಕಡೆಗೂ ಕಳಿಸ್ತಿತ್ತು. ಈ ಸೀಮೆಯ ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುವ ಪದ್ಧತಿ ಇಪ್ಪತ್ತನೇ ಶತಮಾನದವರೆಗೂ ನಡೆದು ಬಂತು. ಕೂದಲು ಚಿಗುರಿದ ಹಾಗೆಲ್ಲ ಕೆಲಸಿಗೆ ಕರೆ. ಗಂಡಸರ ಎದುರು ಬರಬಾರದು ಅಂತ ಒಳಗೆ ಕೂರಿಸಿದ ಹೆಂಗಸನ್ನು ಹಿತ್ತಿಲಿಗೆ ಕರೆತಂದು ಪರಗಂಡಸೊಬ್ಬನ ಕತ್ತಿಗೆ ತಲೆ ಒಡ್ಡಿಸುತ್ತಿದ್ದರು. ಮಡಿಯ ಲೆಕ್ಕ ಹೀಗಿರ್ತದೆ ನೋಡಿ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಓದಿದವರಿಗೆ, 1983ರಲ್ಲಿ ಪ್ರೇಮಾ ಕಾರಂತರು ಮಾಡಿದ ಸಿನಿಮಾ ನೋಡಿದವರಿಗೆ ಮಲೆನಾಡಿನ ಈ ಸಂಗತಿ ಬಿಡಿಸಿ ಹೇಳಬೇಕಿಲ್ಲ. ಬೇಡವೆಂದ ತಲೆಗೆ ಬಲವಂತದ ಕತ್ತಿ, ಬೇಕೆಂದ ಗಡ್ಡಕ್ಕೆ ಕತ್ತಿಯೇ ಇಲ್ಲ. ಎರಡೂ ಒಂದೇ ಹಡಪದ ಕತ್ತಿ.

ಕತ್ತಿ ಹಿಡಿದವರು ಒಮ್ಮೆ ಆಗಲ್ಲ ಅಂದದ್ದೂ ಉಂಟು. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮೇಲೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿಂತರು. ಅದರ ಹಿಂದೆ ಜೋತಿಬಾ ಫುಲೆ 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದ ಗಾಳಿಯಿತ್ತು, ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆಯವರ ದುಡಿಮೆಯಿತ್ತು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯದೊಳಗೇ ಇತ್ತು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಯಾವ ರಾಜ ಯಾವ ಕತ್ತಿ ಹಿರಿದ ಅಂತ ಪುಟಗಟ್ಟಲೆ ಇದೆ. ಕತ್ತಿ ಕೆಳಗಿಟ್ಟವರ ಬಗ್ಗೆ ಒಂದು ಸಾಲಿಲ್ಲ.

ಇನ್ನು ಕೇರಿಯ ಗಡ್ಡ. ಅಂಬೇಡ್ಕರ್ ತಮ್ಮ ಬಾಲ್ಯದ ಬಗ್ಗೆ ಬರೆದದ್ದನ್ನು ನಮ್ಮ ಹುಡುಗರು ಓದಬೇಕು. ಸಾತಾರಾದಲ್ಲಿ ಕ್ಷೌರಿಕರಿಗೆ ಬರವಿರಲಿಲ್ಲ, ಕೊಡಲು ಮನೆಯಲ್ಲಿ ದುಡ್ಡೂ ಇತ್ತು. ಆದರೂ ಹುಡುಗರ ತಲೆ ಮಾಡ್ತಿದ್ದದ್ದು ಅವರ ದೊಡ್ಡಕ್ಕ. ಮಾಡಿ ಮಾಡಿ ಅವಳೇ ಪಳಗಿಬಿಟ್ಟಿದ್ದಳು. ನಮ್ಮ ಕೇರಿಗಳಲ್ಲೂ ಕತ್ತಿ ಹಿಡಿದದ್ದು ಅಣ್ಣ, ಮಾವ, ಪಕ್ಕದ ಗುಡಿಸಲಿನ ಹಿರಿಯ. ಕನ್ನಡಿಯ ಚೂರು, ತಣ್ಣೀರು, ಸಿಕ್ಕ ಅಲಗು. ಕೆನ್ನೆಯ ಮೇಲಿನ ಗೀರುಗಳೇ ನಮ್ಮ ಶಾಸನ.

ಆ ಹಿರಿಯರಿಗೆ ಕಸುಬಿನ ಗುಟ್ಟು ಹೇಳಿಕೊಡುವವರಿರಲಿಲ್ಲ. ಹಾಗಾಗಿ ಅದನ್ನೂ ಇಲ್ಲೇ ಬರೆದುಬಿಡುತ್ತೇವೆ. ಜಾತ್ರೆಯಲ್ಲಿ ಫಳಫಳ ಹೊಳೆಯುವ ಹಿಡಿ ನೋಡಿ ಮರುಳಾಗಬೇಡಿ, ಉಕ್ಕು ನೋಡಿ. ಹಳೆಯ ಒಳ್ಳೆಯ ಕತ್ತಿಗಳು ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಝೋಲಿಂಗನ್ ಊರುಗಳವು. ಅಲಗನ್ನು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿದರೆ ಬೆನ್ನೂ ಬಾಯಿಯೂ ಉದ್ದಕ್ಕೂ ತಾಗಬೇಕು. ತಾಗದಿದ್ದರೆ ಅಲಗು ಸೊಟ್ಟ, ಎಷ್ಟು ಮಸೆದರೂ ಹದ ಬರೋದಿಲ್ಲ. ಮೊದಲ ಸಲ ಕೊಳ್ಳುವವರಿಗೆ ತುದಿ ದುಂಡಗಿರಲಿ, ಚೂಪು ತುದಿ ಕಿವಿಯ ಹತ್ತಿರ ಕಚ್ಚುತ್ತದೆ. ಅಗಲ ಇಂಚಿನ ಎಂಟರಲ್ಲಿ ಐದು ಪಾಲಿದ್ದರೆ ಸಾಕು. ಬಿಸಿನೀರಲ್ಲಿ ಗಡ್ಡ ನೆನೆಸಿ, ಚರ್ಮ ಬಿಗಿಹಿಡಿದು, ಅಲಗನ್ನು ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ ಕೂದಲು ಹೋದ ದಿಕ್ಕಿಗೇ ಎಳೆಯಬೇಕು. ನಮ್ಮ ಘಟ್ಟದ ಮಳೆಗೆ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡೀತದೆ, ಒರೆಸಿ ಕೊಬ್ಬರಿ ಎಣ್ಣೆ ಸವರಿಡಿ.

ಕಲ್ಲಿನ ಮೇಲೆ ಮಸೆದರೆ ಕೆಲಸ ಮುಗಿಯೋದಿಲ್ಲ. ಪ್ರತಿ ಸಲವೂ ತೊಗಲಿನ ಪಟ್ಟಿಯ ಮೇಲೆ, ಬೆನ್ನು ಮುಂದು ಮಾಡಿ, ಹಿಂದಕ್ಕೂ ಮುಂದಕ್ಕೂ ತಿಕ್ಕಬೇಕು. ಆಗಲೇ ಬಾಯಿಗೆ ಮುಖ ಮುಟ್ಟುವ ನಯ ಬರೋದು. ಹಳ್ಳಿಯಲ್ಲಿ ಆ ತೊಗಲು ಹದ ಮಾಡಿದವರು ಯಾರು? ಮಾದಿಗರು, ಸಮಗಾರರು. ಅವರ ಕೈಯ ತೊಗಲು ಪ್ರತಿ ಯಜಮಾನನ ಕೆನ್ನೆಯ ನಯಕ್ಕೆ ಬೇಕು, ಅವರ ಕೆನ್ನೆ ಮಾತ್ರ ಮೈಲಿಗೆ.

1904ರಲ್ಲಿ ಅಮೆರಿಕದ ಜಿಲೆಟ್ ಎಂಬಾತ ಬದಲಾಯಿಸುವ ಬ್ಲೇಡಿನ ರೇಜರಿಗೆ ಪೇಟೆಂಟ್ ಪಡೆದ. ಆ ಬ್ಲೇಡು ಕೇರಿಗೆ ತಲುಪಿದಾಗ ಗಡ್ಡದ ಮಟ್ಟಿಗೆ ಒಂದು ಬಿಡುಗಡೆ ಆಯಿತು. ತಲೆಗೂದಲಿನ ಮಟ್ಟಿಗೆ ಆಗಲಿಲ್ಲ, ತನ್ನ ತಲೆ ತಾನೇ ಕತ್ತರಿಸಿಕೊಳ್ಳೋದಕ್ಕೆ ಬರೋದಿಲ್ಲವಲ್ಲ. 1934ರಲ್ಲಿ ಗಾಂಧಿ ತಮ್ಮ ಹರಿಜನ ಯಾತ್ರೆಯಲ್ಲಿ ಶಿರಸಿಗೂ ಬಂದಿದ್ದರು. ಆ ದಿನಗಳ ಚರ್ಚೆಯೆಲ್ಲ ಗುಡಿಯ ಬಾಗಿಲದ್ದು. ಕ್ಷೌರದ ಕುರ್ಚಿಯ ಮಾತು ಕಾನೂನಿಗೆ ಬಂದದ್ದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅದರ 6ನೇ ಕಲಮಿನಲ್ಲಿ ಅಪರಾಧ. 1976ರ ತಿದ್ದುಪಡಿಯಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು.

ಮನೆಯಲ್ಲಿ ಕತ್ತಿ ಇದೆ, ಅಂಗಡಿಗೆ ಯಾಕೆ ಹೋಗಬೇಕು ಅಂತ ನಮ್ಮವರೇ ಕೆಲವರು ಕೇಳ್ತಾರೆ. ಸ್ವಂತ ಕತ್ತಿ ಇರುವುದು ಬೇರೆ, ಕುರ್ಚಿಯ ಹಕ್ಕು ಬೇರೆ. 2020ರ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕನ ಕುಟುಂಬಕ್ಕೇ ಬಹಿಷ್ಕಾರ, ಮೇಲೆ ದಂಡ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರದಂಗಡಿಗೆ ಹೋದ ದಲಿತ ಯುವಕ ಇರಿತಕ್ಕೆ ಬಲಿಯಾದ. ಒಂದು ಊರಲ್ಲಿ ಕತ್ತಿ ಹಿಡಿದವನಿಗೆ ಶಿಕ್ಷೆ, ಇನ್ನೊಂದರಲ್ಲಿ ಕುರ್ಚಿಗೆ ಹೋದವನಿಗೆ ಸಾವು.

ಹಳ್ಳಿ ಶಾಲೆಯ ಮೇಷ್ಟ್ರುಗಳು, ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಒಂದು ಕೆಲಸ ಮಾಡಿ. ನಿಮ್ಮೂರ ಕ್ಷೌರದಂಗಡಿಯಲ್ಲಿ ಒಂದು ಭಾನುವಾರ ಕೂತು ನೋಡಿ. ಆ ಕುರ್ಚಿಯಲ್ಲಿ ಯಾರು ಯಾರು ಕೂತರು, ಯಾರು ತಲೆ ಮಾಡಿಸಿಕೊಳ್ಳಲು ಬಸ್ಸು ಹತ್ತಿ ಪೇಟೆಗೆ ಹೋದರು ಅನ್ನೋದನ್ನು ನಮಗೆ ಬರೆದು ಕಳಿಸಿ.